ಕರ್ನಲ್‌ಗೆ ನಾನು ಸಾಕಾಯ್ತಂತೆ!

"ಹಾಳಾದವನೇ! ಬಾಯಿ ಬಿಡೋ! ಏನಾದ್ರೂ ಒಂದು ಹೇಳೋ!"

ಅಮೂಲ್ಯಾ ಬೈಯುತ್ತಿದ್ದದ್ದು ಲ್ಯಾಪ್‌ಟಾಪಿಗೆ. ಆದರೆ ಅವಳ ಬೆನ್ನ ಹಿಂದೆ ಬಂದು ನಿಂತಿದ್ದ ಮನುಷ್ಯನಿಗೆ ಅದು ಹೇಗೆ ಗೊತ್ತಾಗಬೇಕು?

"ನಾನು... ಹಾಳಾದವ ಇಲ್ಲ," ಎಂದ ಆತ, ತಡವರಿಸುತ್ತಾ. "ನಾನು ಕನ್ನಡದವ."

ಅಮೂಲ್ಯಾ ತಿರುಗಿದಳು. ಎಣ್ಣೆ ಕಾಣದ ಕೂದಲು. ಒಂದು ಗುಂಡಿ ತಪ್ಪಿ ಹಾಕಿಕೊಂಡ ಶರ್ಟು. ಮತ್ತು... ಛೇ, ಆ ಕಣ್ಣುಗಳು! ಇಷ್ಟು ಒಳ್ಳೆಯ ಕಣ್ಣನ್ನು ದೇವರು ಇಂಥ ಶರ್ಟಿನ ಮೇಲೆ ಯಾಕೆ ಇಟ್ಟ?

ಜಾಗ: ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆ, ಫರ್ಸಾಣ್ ಎಂಬ ಕುರುಕಲು ತಿಂಡಿಯ ಅಂಗಡಿಯೊಂದರ ಮೇಲಿನ ಕೋಣೆ. ಕೆಳಗೆ ಕಡಲೆಹಿಟ್ಟಿನ ಗಾಠಿಯಾ ಕರಿಯುವ ಘಮ. ಮೇಲೆ 'ಹೊಸಬರಿಗೆ ಕರ್ನಲ್ ಕ್ಲಾಸ್, ಪ್ರತಿ ಭಾನುವಾರ, ಉಚಿತ' ಎಂಬ ಬೋರ್ಡು.

ಕರ್ನಲ್ ಎಂದಕೂಡಲೇ ಮೀಸೆ ಹುಡುಕಬೇಡಿ. ಇದು ಮಿಲಿಟರಿಯ ಸಾಹೇಬರ ಸುದ್ದಿಯಲ್ಲ. ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂ ಒಂದು ಮದುವೆ ಛತ್ರವಾದರೆ, ಕರ್ನಲ್ ಅದರ ಅಡುಗೆಭಟ್ಟ. ಯಾವ ಪ್ರೋಗ್ರಾಮಿಗೆ ಎಷ್ಟು ಮೆಮೊರಿ ಬಡಿಸಬೇಕು, ಯಾವ ಪಂಕ್ತಿ ಮೊದಲು, ಯಾರು ಕಾಯಬೇಕು, ಎಲ್ಲ ಅವನದೇ ತೀರ್ಮಾನ. ಊಟ ಚೆನ್ನಾಗಿದ್ದರೆ ಯಾರೂ ಅವನ ಹೆಸರೆತ್ತುವುದಿಲ್ಲ. ಕೆಟ್ಟರೆ ಮಾತ್ರ ಇಡೀ ಛತ್ರಕ್ಕೆ ಗೊತ್ತು.

ಅಮೂಲ್ಯಾಳ ಲ್ಯಾಪ್‌ಟಾಪಿನಲ್ಲಿ ಆಗಷ್ಟೇ ಇಡೀ ಛತ್ರಕ್ಕೆ ಗೊತ್ತಾಗಿತ್ತು.

"ಏನು ಮಾಡಿದ್ರಿ?" ಆತ ಕೇಳಿದ.

"ವಿಡಿಯೋದಲ್ಲಿ ತೋರಿಸಿದ ಹಾಗೇ ಮಾಡ್ಯೂಲ್ ಅಂತ ಒಂದು ಸಣ್ಣ ಪ್ರೋಗ್ರಾಂ ಬರ್ದು ಕರ್ನಲ್ ಒಳಗೆ ಸೇರಿಸ್ದೆ. ಅಷ್ಟೇ! ಕಲ್ಲಾಗಿ ಕೂತುಬಿಡ್ತು."

"ಇದು ನಿಮ್ಮ ನಿಜವಾದ ಲ್ಯಾಪ್‌ಟಾಪ್?"

"ಅಲ್ಲ. ಆಫೀಸಿಂದು."

ಆತ ಸಾವಿನ ಸುದ್ದಿ ಕೇಳಿದವನಂತೆ ಕಣ್ಣು ಮುಚ್ಚಿದ. ಆಮೇಲೆ ಕೈಯಲ್ಲಿದ್ದ ಹಾಜರಿ ಪಟ್ಟಿಯಲ್ಲಿ ಅವಳ ಹೆಸರು ನೋಡಿಕೊಂಡ. "ಅರೆ ಅಮೂಲ್ಯಾಬೆನ್! ಇದಕ್ಕೆ ಕರ್ನಲ್ ಪ್ಯಾನಿಕ್ ಹೇಳ್ತಾರೆ."

"ಕರ್ನಲ್‌ಗಿಂತ ಮುಂಚೆ ನಂಗೆ ಆಗಿದೆ ಪ್ಯಾನಿಕ್! ಮತ್ತೆ ಯಾರ್ರೀ ನಿಮಗೆ ಬೆನ್ನು?"

ಗುಜರಾತಿನಲ್ಲಿ ಹೆಂಗಸರ ಹೆಸರಿನ ಬೆನ್ನಿಗೆಲ್ಲ ಒಂದು 'ಬೆನ್' ಇರುತ್ತದೆ. ಅಕ್ಕತಂಗಿ ಎಂದು ಅರ್ಥ. ಮರ್ಯಾದೆಗೆ ಹೇಳುವುದು ಎಂದು ಅವಳಿಗೆ ಗೊತ್ತು. ಆದರೂ ಆ ಕಣ್ಣಿನವನು ಹೇಳಿದಾಗ ಯಾಕೋ ಉರಿಯಿತು.

ಆತನ ಹೆಸರು ಭುವನ್. ಕ್ಲಾಸಿನ ಮೇಷ್ಟ್ರು ಅವನೇ. ಪವರ್ ಬಟನ್ ಒತ್ತಿ ಹಿಡಿದು ಲ್ಯಾಪ್‌ಟಾಪನ್ನು ಮತ್ತೆ ಎಬ್ಬಿಸಿದ. ಅರ್ಧ ಬರೆದ ಆಫೀಸ್ ರಿಪೋರ್ಟು ಮಾತ್ರ ಏಳಲಿಲ್ಲ.

"ಮೊದಲು ಸಿ ಭಾಷೆ. ಪಾಯಿಂಟರ್, ಅಂದ್ರೆ ಮೆಮೊರಿ ವಿಳಾಸ, ಅದರ ಭಯ ಹೋಗ್ಬೇಕು. ಆಮೇಲೆ ಲ್ಯಾಪ್‌ಟಾಪ್ ಒಳಗೆ ಒಂದು ಸುಳ್ಳು ಕಂಪ್ಯೂಟರ್ ಮಾಡಿ. ವರ್ಚುವಲ್ ಮಷಿನ್. ಸಾಯೋದು ಇದ್ರೆ ಅದು ಸಾಯ್ಲಿ. ನಿಜವಾದದ್ದು ಬದುಕ್ಲಿ."

"ವಿಡಿಯೋದವನು ಇದನ್ನೆಲ್ಲ ಹೇಳ್ಲೇ ಇಲ್ಲ!"

"ಅವನು ವ್ಯೂಸ್‌ಗೆ ಕಲಿಸ್ತಾನೆ. ನಿಮಗೆ ಇಲ್ಲ."

*ನಿಮಗೆ ಅಲ್ಲ, ಅನ್ನಬೇಕು ಕಣೋ ಮಹರಾಯ,* ಎಂದುಕೊಂಡಳು ಅಮೂಲ್ಯಾ.

ಭುವನ್ ಹುಟ್ಟಿ ಬೆಳೆದದ್ದು ವಡೋದರಾ ಪಕ್ಕದ ಕೊಯಾಲಿಯ ರಿಫೈನರಿ ಟೌನ್‌ಶಿಪ್ಪಿನಲ್ಲಿ. ಅಪ್ಪ ಅಮ್ಮ ಹಾಸನದವರು. ಆದರೆ ಶಾಲೆ ಗುಜರಾತಿ, ಆಟ ಹಿಂದಿ, ಕಾಲೇಜು ಇಂಗ್ಲಿಷ್. ಕನ್ನಡ ಸಿಕ್ಕಿದ್ದು ಊಟದ ಚಾಪೆಯ ಮೇಲೆ ಮಾತ್ರ. ಬಾ, ಕೂತ್ಕೋ, ಬಡಿಸು, ಬೇಕು, ಸಾಕು. 'ಅಲ್ಲ' ಮತ್ತು 'ಇಲ್ಲ' ಅವನ ಪಾಲಿಗೆ ಅವಳಿ ಮಕ್ಕಳು. ಯಾರನ್ನು ಕರೆದರೂ ಇನ್ನೊಬ್ಬ ಬರುತ್ತಿದ್ದ.

ಅಮೂಲ್ಯಾಳ ಮನೆಯವರು ತುಮಕೂರಿನವರು. ಅಪ್ಪ ಶಂಕರನಾರಾಯಣ ಬ್ಯಾಂಕ್ ಅಧಿಕಾರಿ, ಅಮ್ಮ ರಮಾಮಣಿ. ಅವಳದು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಅಂದರೆ ಇಡೀ ದಿನ ಬಟನ್ ಒತ್ತಿ 'ಕೆಲಸ ಮಾಡ್ತಿದೆ', 'ಮಾಡ್ತಿಲ್ಲ' ಎಂದು ಬರೆಯುವುದು. ಬಟನ್ನಿನ ಕೆಳಗೆ ಏನಿದೆ ಎಂದು ಕೇಳಿದರೆ ಆಫೀಸಿನಲ್ಲಿ ಎಲ್ಲರೂ ಅವಳನ್ನೇ ವಿಚಿತ್ರವಾಗಿ ನೋಡುತ್ತಿದ್ದರು.

ಅಂಥ ಹೊತ್ತಿನಲ್ಲೇ ಅಪ್ಪನಿಗೆ ಅಹಮದಾಬಾದಿನಿಂದ ಚಿತ್ರದುರ್ಗಕ್ಕೆ ವರ್ಗವಾಯಿತು.

"ಬಟನ್ ಒತ್ತೋ ಕೆಲಸ ಎಲ್ಲಿ ಬೇಕಾದ್ರೂ ಸಿಗತ್ತೆ. ಗಂಟುಮೂಟೆ ಕಟ್ಟು," ಎಂದರು ಅಪ್ಪ.

ಗುಜರಾತಿನಲ್ಲೇ ಉಳಿಯಲು ಅವಳಿಗಿದ್ದದ್ದು ಒಂದೇ ದಾರಿ. ಭುವನ್ ಕೆಲಸ ಮಾಡುವ ವಡೋದರಾ ಕಂಪನಿ ಸೂರತ್ತಿನ ಮಗ್ಗಗಳಿಗೆ, ಅಹಮದಾಬಾದಿನ ವಟ್ವಾದ ಬಣ್ಣದ ಕಾರ್ಖಾನೆಗಳಿಗೆ ಕಂಟ್ರೋಲ್ ಬೋರ್ಡು ಮಾಡುತ್ತಿತ್ತು. ಅಲ್ಲಿ ಹೊಸಬರಿಗೆ ಒಂದು ಕುರ್ಚಿ ಖಾಲಿಯಿತ್ತು. ಷರತ್ತು ಏನೆಂದರೆ, ಯಾರು ಬೇಕಾದರೂ ತಿದ್ದಬಹುದಾದ ಲಿನಕ್ಸ್ ಎಂಬ ಸಿಸ್ಟಂನ ಕರ್ನಲ್ಲಿಗೆ ಕಳಿಸಿದ ಒಂದಾದರೂ ಪ್ಯಾಚ್ ಸ್ವೀಕಾರವಾಗಿರಬೇಕು. ಪ್ಯಾಚ್ ಎಂದರೆ ತೇಪೆ, ಸಣ್ಣ ತಿದ್ದುಪಡಿ.

ತೇಪೆ ಬಿದ್ದರೆ ವಡೋದರಾ. ಇಲ್ಲದಿದ್ದರೆ ಚಿತ್ರದುರ್ಗ!

ಅಲ್ಲಿಂದ ಶುರುವಾಯಿತು ಅಮೂಲ್ಯಾಳ ವನವಾಸ.

ಕರ್ನಲ್ಲಿನ ಮೂಲ ಕೋಡನ್ನು ಇಳಿಸಿಕೊಂಡು ತಾನೇ ಬಿಲ್ಡ್ ಮಾಡಲು ಕೂತರೆ ಲ್ಯಾಪ್‌ಟಾಪಿನ ಫ್ಯಾನು ರುಬ್ಬುವ ಮಿಕ್ಸಿಯಂತೆ ಕಿರುಚುತ್ತಿತ್ತು. ಬೆಳಿಗ್ಗೆ ಹಚ್ಚಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಒಂದು ತಪ್ಪು ತೋರಿಸಿ ನಿಂತುಬಿಡುತ್ತಿತ್ತು.

"ಇನ್ನೂ ಬೂಟ್ ಆಗ್ತಿಲ್ಲಮ್ಮ!" ಎಂದು ಅವಳು ಅಳುಮುಖ ಮಾಡಿದರೆ ರಮಾಮಣಿಗೆ ಆಶ್ಚರ್ಯ.

"ಕರ್ನಲ್ ಅವರ ಕ್ಲಾಸ್ ಅಲ್ವೇನೇ? ಮಿಲಿಟರಿಯಲ್ಲಿ ಬೂಟ್ ಇಲ್ದೆ ನಡೆಯುತ್ತಾ? ಬಾಟಾ ಅಂಗಡಿಗೆ ಹೋಗ್ಬಾ."

"ಅಮ್ಮಾ! ಅವರು ಕರ್ನಲ್ ಅಲ್ಲ! ಕರ್ನಲ್ ಕಲಿಸೋರು!"

"ಕರ್ನಲ್‌ಗೇ ಕಲಿಸ್ತಾರಾ? ಹಾಗಾದ್ರೆ ಬ್ರಿಗೇಡಿಯರ್ರೇ ಇರ್ಬೇಕು."

ಒಂದು ಭಾನುವಾರ ಅವಳ ಮೊದಲ 'ಹಲೋ' ಮಾಡ್ಯೂಲ್ ಸುಳ್ಳು ಕಂಪ್ಯೂಟರಿನೊಳಗೆ ಸಾಯದೆ ಸೇರಿಕೊಂಡಿತು. ಅವಳು ಪರದೆಯನ್ನೇ ನೋಡುತ್ತಾ ಕೂತಳು. ಹಲೋ ಬರಲೇ ಇಲ್ಲ.

"ಬಂದಿದೆ," ಎಂದ ಭುವನ್. "ನಿಮಗೆ ಇಲ್ಲ, ಲಾಗ್‌ಗೆ ಹೇಳಿದೆ. ಒಳಗಿನ ದಿನಚರಿ ಇರ್ತದಲ್ಲ, ಅಲ್ಲಿ ನೋಡಿ. ಕರ್ನಲ್ ಯಾರ ಮುಖಕ್ಕೂ ಮಾತಾಡಲ್ಲ."

ಲಾಗ್ ತೆರೆದು ನೋಡಿದರೆ ಹೌದು! ಸಾವಿರ ಗೊಣಗಾಟದ ಸಾಲುಗಳ ನಡುವೆ ಅವಳ ಪುಟ್ಟ ಹಲೋ.

ಕರ್ನಲ್ ಕಲಿಸುವವನೂ ಹಾಗೇ ಇದ್ದ. ಮುಖಕ್ಕೆ ಒಂದು ಒಳ್ಳೆಯ ಮಾತಿಲ್ಲ. ಆದರೆ ಕೆಳಗಿನ ಅಂಗಡಿಯಿಂದ ಅವಳಿಗೆಂದು ತಂದ ಗಾಠಿಯಾದಲ್ಲಿ ಕರಿದ ಮೆಣಸಿನಕಾಯಿ ಯಾವತ್ತೂ ಎರಡು ಹೆಚ್ಚಿರುತ್ತಿತ್ತು. ಅವಳಿಗೆ ಖಾರ ಇಷ್ಟವೆಂದು ಅವನಿಗೆ ಯಾರು ಹೇಳಿದ್ದರು? ಯಾರೂ ಇಲ್ಲ. *ಇವನ ಲಾಗ್ ಎಲ್ಲಿದೆಯೋ!* ಎಂದು ಅವಳು ನಿಟ್ಟುಸಿರು ಬಿಟ್ಟಳು.

ಸರಿಪಡಿಸಲು ಒಂದು ನಿಜವಾದ ತಪ್ಪು ಬೇಕಲ್ಲ? "ಪುಸ್ತಕದಲ್ಲಿ ಹುಡುಕ್ಬೇಡಿ. ಕೈಗೆ ಸಿಗೋ ಯಂತ್ರದಲ್ಲಿ ಹುಡುಕಿ," ಎಂದು ಅವನು ಅವಳನ್ನು ವಟ್ವಾದ ಕಾರ್ಖಾನೆಯೊಂದಕ್ಕೆ ಕರೆದೊಯ್ದ.

ಅಲ್ಲಿ ಬಣ್ಣದ ಹಂಡೆ ಕೊತಕೊತ ಕುದಿಯುತ್ತಿತ್ತು. ಆವಿಗೆ ಅವಳ ಕನ್ನಡಕವೇ ಮಂಜಾಯಿತು. ಪಕ್ಕದ ಪರದೆ ಮಾತ್ರ ತಣ್ಣಗೆ ಹೇಳುತ್ತಿತ್ತು: ಸೊನ್ನೆ ಡಿಗ್ರಿ.

"ಇದೇನ್ರೀ, ಕುದಿಯೋ ಹಂಡೆಗೆ ಸೊನ್ನೆ ಅಂತಿದೆ?"

"ನೀವೇ ಹೇಳಿ, ಯಾಕೆ?"

ಬೈದುಕೊಂಡೇ ಹುಡುಕಿದಳು. ಕಂಡುಹಿಡಿದೂಬಿಟ್ಟಳು! ಶಾಖ ಅಳೆಯುವ ಸೆನ್ಸರು ಆಗಾಗ ಉತ್ತರ ಕೊಡುತ್ತಿರಲಿಲ್ಲ. ಅದರ ಜೊತೆ ಮಾತಾಡುವ ಕರ್ನಲ್ಲಿನ ತುಣುಕು, ಅಂದರೆ ಡ್ರೈವರು, ಉತ್ತರ ಬಂತೋ ಇಲ್ಲವೋ ಎಂದು ನೋಡದೆ, ಸುಮ್ಮನಿದ್ದರೆ ಸೊನ್ನೆ ಎಂದು ಬರೆದುಕೊಳ್ಳುತ್ತಿತ್ತು. 'ಉತ್ತರ ಬರದಿದ್ದರೆ ಊಹೆ ಮಾಡಬೇಡ, ತಪ್ಪಾಗಿದೆ ಎಂದು ಹೇಳು.' ಅಷ್ಟೇ ಅವಳ ಪ್ಯಾಚ್.

ಕಳಿಸಿದಳು. ಎಲ್ಲಿಯೋ ದೂರದೇಶದಲ್ಲಿ ಆ ಡ್ರೈವರಿನ ಉಸ್ತುವಾರಿ ನೋಡುವ ಮಹಾನುಭಾವನಿಂದ ಉತ್ತರ ಬಂತು: ಮೇಲ್ ಬಣ್ಣಬಣ್ಣದ ಅಕ್ಷರದಲ್ಲಿದೆ, ಬರೀ ಸಾದಾ ಅಕ್ಷರದಲ್ಲಿ ಕಳಿಸಿ.

ಮತ್ತೆ ಕಳಿಸಿದಳು. ಟ್ಯಾಬ್ ಕೀಲಿ ಒತ್ತಬೇಕಾದ ಕಡೆ ಸ್ಪೇಸ್ ಒತ್ತಿ ಬಿಟ್ಟ ಖಾಲಿ ಜಾಗ ಇದೆ, ಎಂದ.

"ಖಾಲಿ ಜಾಗಕ್ಕೂ ಜಾತಿ ಇದ್ಯೇನ್ರೀ?!"

"ಮೊದಲ ಪ್ಯಾಚ್ ಯಾರದೂ ಒಪ್ಪಲ್ಲ," ಎಂದ ಭುವನ್. "ತಿದ್ದಬೇಕು. ಏನು ಬದಲಾಯ್ತು ಬರೀಬೇಕು. ಮತ್ತೆ ಕಳಿಸ್ಬೇಕು. ಬೇಜಾರು ಮಾಡ್ಕೊಂಡ್ರೆ ಮುಗೀತು."

ಮೂರನೆಯ ಸಲದ ಉತ್ತರ ಭಾನುವಾರ ಕ್ಲಾಸಿನಲ್ಲಿದ್ದಾಗಲೇ ಬಂತು: ಏನು ಮಾಡಿದ್ದೀರಿ ಎಂದು ಬರೆದಿದ್ದೀರಿ. ಯಾಕೆ ಎಂದು ಬರೆದಿಲ್ಲ.

ಅವಳ ಕಣ್ಣು ತುಂಬಿತು. ಅಪ್ಪ ಆಗಲೇ ಪ್ಯಾಕರ್ಸ್‌ನವರಿಗೆ ಫೋನು ಮಾಡಿದ್ದರು. ಯಾಕೆ ಅಂತೆ, ಯಾಕೆ! ಯಾಕೆ ಹುಟ್ಟಿದೆ ಎಂದು ಬರೆಯಲೇ?

ಕ್ಲಾಸು ಮುಗಿಯಿತು. ಅಂಗಡಿಯ ಮುಂದೆ ಆಟೋಗಳ ಗದ್ದಲ. ಭುವನ್ ಅವಳ ಹಿಂದೆಯೇ ಓಡಿಬಂದ.

"ಅಮೂಲ್ಯಾ..."

ಅವಳು ತಟ್ಟನೆ ತಿರುಗಿದಳು. ಬೆನ್ ಇಲ್ಲ! ಇಷ್ಟು ದಿನ ಬೆನ್ನು ಬಿಡದ ಬೆನ್ ಇವತ್ತು ಬಿದ್ದುಹೋಗಿದೆ!

"ನಾನು ಒಂದು ಮಾತು... ಕನ್ನಡದಲ್ಲೇ ಹೇಳ್ಬೇಕು ಇತ್ತು." ಅವನು ಅಂಗೈಯನ್ನು ಎದೆಯ ಮೇಲಿಟ್ಟುಕೊಂಡ. ಕಣ್ಣು ಮುಚ್ಚಿದ. ಉಸಿರೆಳೆದುಕೊಂಡ.

"ನಂಗೆ ನೀವು ಸಾಕಾಯ್ತು."

ಒಂದು ಕ್ಷಣ ಆಟೋಗಳೆಲ್ಲ ನಿಂತುಹೋದಂತಾಯಿತು.

"ಏ... ಏನಂದ್ರಿ?"

"ಸಾಕಾಯ್ತು," ಎಂದ ಅವನು, ಇನ್ನೂ ಸ್ಪಷ್ಟವಾಗಿ. "ಪೂರ್ತಿ ಸಾಕಾಯ್ತು."

ಇದಕ್ಕಾ ಬೆನ್ ಬಿಟ್ಟದ್ದು? ಇದಕ್ಕಾ ಮೆಣಸಿನಕಾಯಿ? ಮೂರು ಸಲ ಬಿದ್ದವಳ ತಲೆಯ ಮೇಲೆ ಇದೊಂದು ಕಲ್ಲಾ?

"ನಂಗೂ!" ಅವಳು ಕಿರುಚಿದಳು. "ನಂಗೂ ನೀವು ಸಾಕಾಯ್ತು! ಗೊತ್ತಾಯ್ತಾ? ಸಾಕಾಗಿ ಸಾಕಾಗಿ ಹೋಯ್ತು!"

ಭುವನ್ ಕಣ್ಣು ಬಿಟ್ಟ. ಅವನ ಮುಖವೆಲ್ಲ ಹಬ್ಬವಾಯಿತು.

"ನಿಮಗೂ?!" ಎಂದು... ನಕ್ಕ!

ನಗ್ತಾನೆ! ಬೈದರೂ ನಗ್ತಾನೆ! ಎಂಥ ಕಲ್ಲುಮನಸ್ಸಿನ ಪ್ರಾಣಿ! ಅಮೂಲ್ಯಾ ಸಿಕ್ಕ ಆಟೋ ಹತ್ತಿದಳು. ಮನೆ ಬರುವ ತನಕ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡೇ ಇದ್ದಳು.

ಅತ್ತ ಭುವನ್ ವಡೋದರಾ ರೈಲಿನಲ್ಲಿ ಬಾಗಿಲ ಬಳಿ ನಿಂತು ತನ್ನಷ್ಟಕ್ಕೆ ಶಿಳ್ಳೆ ಹಾಕುತ್ತಿದ್ದ. ಮನೆಗೆ ಹೋಗಿ ಅಮ್ಮ ಪದ್ಮಾ ಅವರಿಗೆ ಗುಜರಾತಿಯಲ್ಲೇ ಹೇಳಿದ: "ಅವಳನ್ನು ಕೇಳಿದೆ. ಅವಳೂ ಒಪ್ಪಿದಳು. ಜೋರಾಗಿಯೇ ಒಪ್ಪಿದಳು!"

ಇತ್ತ ಅಮೂಲ್ಯಾ ಹಲ್ಲು ಕಡಿಯುತ್ತಾ ಪ್ಯಾಚಿಗೆ 'ಯಾಕೆ' ಬರೆದಳು. ಸಿಟ್ಟಿನಲ್ಲಿ ಬರೆದದ್ದಕ್ಕೋ ಏನೋ, ಒಂದು ಪದವೂ ಹೆಚ್ಚಿರಲಿಲ್ಲ: 'ಸುಮ್ಮನಿರುವ ಸೆನ್ಸರನ್ನು ಸೊನ್ನೆ ಎಂದು ಓದಿದರೆ ಕುದಿಯುವ ಹಂಡೆ ತಣ್ಣಗಿದೆ ಎಂದು ಜನ ನಂಬಿ ಕೈ ಸುಟ್ಟುಕೊಳ್ಳುತ್ತಾರೆ.'

ಆ ವಾರದಲ್ಲೇ ಉತ್ತರ ಬಂತು. ಸ್ವೀಕರಿಸಿದೆ. ಧನ್ಯವಾದ.

ಅವಳು ಕುಣಿಯಬೇಕಿತ್ತು. ಕುಣಿಯಲಿಲ್ಲ. ಕುರ್ಚಿಯೇನೋ ಸಿಕ್ಕಿತು, ಆದರೆ ಅದರ ಪಕ್ಕದ ಕುರ್ಚಿಯಲ್ಲಿ ಅವನಿರುತ್ತಾನಲ್ಲ! ಸಾಕಾದವನ ಮುಖವನ್ನು ದಿನಾ ನೋಡುವುದಾ? ಭುವನ್ ಫೋನು ಮಾಡಿದ, ಎತ್ತಲಿಲ್ಲ. ಸಂದೇಶ ಕಳಿಸಿದ, ತೆರೆಯಲಿಲ್ಲ.

"ಅಪ್ಪಾ, ನಾನೂ ಚಿತ್ರದುರ್ಗಕ್ಕೆ ಬರ್ತೀನಿ," ಎಂದಳು. ಹೇಳಿ ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ತಿರುಗಿಸಿದಳು.

ಶನಿವಾರ ರಮಾಮಣಿ ಕುಣಿಯುತ್ತಾ ಬಂದರು. "ಕನ್ನಡ ಸಂಘದ ಗ್ರೂಪಿಂದ ನಂಬರ್ ತಗೊಂಡು ಕರ್ನಲ್ ಅವರ ತಾಯಿ ಫೋನ್ ಮಾಡಿದ್ರು ಕಣೇ! ನಾಳೆ ಮೂವರೂ ಬರ್ತಾರಂತೆ. ಊಟಕ್ಕೇ ಬನ್ನಿ ಅಂದೆ."

"ಅಮ್ಮಾ!! ಯಾಕೆ ಕರ್ದೆ?"

"ಮಿಲಿಟರಿಯವರಿಗೆ ಬರ್ಬೇಡಿ ಅನ್ನಕ್ಕಾಗತ್ತಾ?"

ಬಂದರು. ಭುವನ್, ತಂದೆ ಬಾಲಚಂದ್ರ, ತಾಯಿ ಪದ್ಮಾ, ಕೈಯಲ್ಲಿ ಘಾರಿ ಎಂಬ ಸೂರತ್ತಿನ ಸಿಹಿತಿಂಡಿಯ ಡಬ್ಬ. ಈ ಸಲ ಶರ್ಟಿನ ಗುಂಡಿಗಳೆಲ್ಲ ಸರಿಯಾದ ಜಾಗದಲ್ಲಿದ್ದವು.

"ಎಲ್ಲೇ ಮೀಸೆ?" ರಮಾಮಣಿ ಮಗಳ ಕಿವಿಯಲ್ಲಿ ಪಿಸುಗುಟ್ಟಿದರು.

ಪದ್ಮಾ ಕೂತವರೇ ವಿಷಯಕ್ಕೆ ಬಂದರು. "ಮಕ್ಕಳಿಬ್ಬರೂ ಒಪ್ಕೊಂಡ ಮೇಲೆ ನಾವು ದೊಡ್ಡವರು ತಡ ಮಾಡ್ಬಾರ್ದು, ಅಲ್ವಾ ರಮಾಮಣಿಯವರೇ?"

ಒಳಗೆ ಅಮೂಲ್ಯಾಳ ಕೈಯಿಂದ ಸೌಟು ಬಿತ್ತು. ಒಪ್ಕೊಂಡ? ಯಾರು? ಯಾವಾಗ?!

ಶಂಕರನಾರಾಯಣ ಹೆಂಡತಿಯನ್ನು ನೋಡಿದರು. ಹೆಂಡತಿ ಗೋಡೆ ನೋಡಿದರು. "ಮೊದ್ಲು... ಮೊದ್ಲು ಊಟ ಆಗ್ಲಿ," ಎಂದು ತಡವರಿಸಿದರು ರಮಾಮಣಿ. ಈಗ ಪ್ಯಾನಿಕ್ ಆಗುವ ಸರದಿ ಅವರದು.

ಅಮೂಲ್ಯಾ ಬಡಿಸಿದಳು. ಭುವನನ ತಟ್ಟೆಗೆ ಹುಳಿ ಸುರಿಯುತ್ತಾ ಹಲ್ಲಿನ ಸಂದಿಯಲ್ಲಿ ಕೇಳಿದಳು, "ಸಾಕಾ? ನಿಮಗೆ ಎಲ್ಲ ಬೇಗ ಸಾಕಾಗತ್ತಲ್ವಾ!"

ಅವನು ಮುಗ್ಧವಾಗಿ ತಲೆಯಾಡಿಸಿದ. ಮತ್ತೆ ಅದೇ ನಗು! ಸೌಟಿನಲ್ಲೇ ಒಂದು ಕೊಡಲೇ?

ಆಗ ಬಾಲಚಂದ್ರ ಕೊನೆಯ ತುತ್ತು ಮುಗಿಸಿದರು. ಗೋಡೆಗೆ ಒರಗಿದರು. ಎಡ ಅಂಗೈಯನ್ನು ಹೊಟ್ಟೆಯಿಂದ ಮೇಲಕ್ಕೆ ಸವರುತ್ತಾ ತಂದು ಎದೆಯ ಮೇಲಿಟ್ಟುಕೊಂಡರು. ಕಣ್ಣು ಮುಚ್ಚಿದರು.

"ಆಹಾಹಾ... ಸಾಕಾಯ್ತು! ಪೂರ್ತಿ ಸಾಕಾಯ್ತು!"

ಲೋಕದಲ್ಲಿ ಇನ್ನೇನೂ ಬೇಡ ಎಂಬಂಥ ಮುಖ!

"ನಮ್ಮ ಮನೇಲಿ ಇವರು ಹೀಗಂದ್ರೆ ನಂಗೆ ಪದಕ ಸಿಕ್ಕ ಹಾಗೆ," ಪದ್ಮಾ ನಕ್ಕರು. "ಇವನು ಚಿಕ್ಕವನಿದ್ದಾಗ ಕೇಳಿದ್ದ, ಪಪ್ಪ ಏನಂದ್ರು ಅಂತ. ತುಂಬಾ ಖುಷಿಯಾದ್ರೆ ಹಾಗಂತಾರೆ ಅಂತ ಹೇಳ್ಕೊಟ್ಟಿದ್ದೆ."

ಅಮೂಲ್ಯಾ ಕಲ್ಲಾದಳು. ಅದೇ ಅಂಗೈ. ಅದೇ ಮುಚ್ಚಿದ ಕಣ್ಣು. ಅದೇ ಪೂರ್ತಿ!

ಅಯ್ಯೋ ದೇವರೇ...

"ನೀವು ಸ್ವಲ್ಪ ಬಾಲ್ಕನಿಗೆ ಬನ್ನಿ," ಎಂದಳು ಭುವನನಿಗೆ.

"ಕೈ ತೊಳೆದು..."

"ಈಗಲೇ!"

ಬಾಲ್ಕನಿಯಲ್ಲಿ ಒಣಹಾಕಿದ ಸೀರೆಗಳ ನಡುವೆ ಅವನು ಎಂಜಲುಗೈ ಎತ್ತಿ ಹಿಡಿದು ನಿಂತ.

"ಅವತ್ತು ಅಂಗಡಿ ಮುಂದೆ ಏನಂದ್ರಿ?"

"ನಂಗೆ ನೀವು ಸಾಕಾಯ್ತು ಅಂದೆ."

"ಅಂದ್ರೆ?"

"ಅಂದ್ರೆ... ಹೊಟ್ಟೆ ತುಂಬಿತು. ಹೊಟ್ಟೆ ಇಲ್ಲ... ಮನಸ್ಸು. ನೀವು ಇದ್ರೆ ಬೇರೆ ಏನೂ ಬೇಡ." ಅವನ ದನಿ ಇಳಿಯಿತು. "ತಪ್ಪು ಇದೆಯಾ?"

"ರೀ! ಊಟದ ತಟ್ಟೆ ಮುಂದೆ ಅದು ಹೊಗಳಿಕೆ. ಮನುಷ್ಯರಿಗೆ ಹೇಳಿದ್ರೆ, ನಿಮ್ಮಿಂದ ರೋಸಿಹೋಯ್ತು, ತೊಲಗಿ ಅಂತ!"

ಅವನ ಮುಖ ಬಿಳಿಚಿತು. "ಹಾಗಾದ್ರೆ ನೀವೂ... ನನಗೆ... ತೊಲಗಿ ಹೇಳಿದ್ರಿ?"

"ಹೌದು!"

"ನಾನು ನಕ್ಕೆ."

"ಅದಕ್ಕೇ ಇನ್ನೂ ಉರೀತು!"

"ಫೋನ್ ಎತ್ತಿಲ್ಲ... ನಾಚಿಕೆ ಅಂತ ತಿಳ್ಕೊಂಡೆ."

"ಉತ್ತರ ಬರದಿದ್ರೆ ಅದನ್ನ 'ಹೌದು' ಅಂತ ಓದ್ಕೊಳ್ಳೋದಾ? ಆ ದರಿದ್ರ ಡ್ರೈವರ್‌ಗೂ ನಿಮಗೂ ಏನ್ರೀ ವ್ಯತ್ಯಾಸ? ನನ್ನ ಪ್ಯಾಚ್ ಇದ್ದದ್ದೇ ಅದಕ್ಕಲ್ವಾ!"

ಅವನು ತಲೆ ತಗ್ಗಿಸಿದ. "ಪಪ್ಪ ಮಮ್ಮಿಗೆ ನಾನೇ ಹೇಳ್ತೀನಿ. ನಾವು ಹೋಗ್ತೀವಿ. ಸಾರಿ... ಅಮೂಲ್ಯಾಬೆನ್."

ಬೆನ್! ಆ ಒಂದು ಬೆನ್ ಅವಳ ಎದೆಗೆ ಚುಚ್ಚಿತು.

"ನಿಲ್ಲಿ!"

ನಿಂತ.

"ಮೊದಲ ಪ್ಯಾಚ್ ವಾಪಸ್ ಬಂದ್ರೆ ಏನ್ ಮಾಡ್ಬೇಕು? ಕ್ಲಾಸಲ್ಲಿ ನೀವೇ ಹೇಳ್ತಿದ್ರಲ್ಲ."

ಅವನು ನಿಧಾನವಾಗಿ ತಿರುಗಿದ. "ತಿದ್ದಬೇಕು. ಏನು ಬದಲಾಯ್ತು ಬರೀಬೇಕು. ಮತ್ತೆ ಕಳಿಸ್ಬೇಕು."

"ಮತ್ತೆ? ಕಳಿಸಿ!"

ಭುವನ್ ಗಂಟಲು ಸರಿಮಾಡಿಕೊಂಡ. "ವರ್ಷನ್ ಟೂ. ಬದಲಾವಣೆ... 'ಸಾಕಾಯ್ತು' ತೆಗೆದೆ. ಅದರ ಜಾಗಕ್ಕೆ..." ಅವನ ಕಣ್ಣು ದಿಕ್ಕುಗೆಟ್ಟಿತು. "ಯಾವ ಶಬ್ದ ಹಾಕ್ಬೇಕು?"

"ಊಟದ ಚಾಪೆ ಮೇಲೆ ಕಲ್ತಿದ್ದೇ ಇದೆ. ಯೋಚ್ನೆ ಮಾಡಿ."

"...ಬೇಕು?"

ಅವಳು ಹೌದೆಂದು ತಲೆಯಾಡಿಸಿದಳು. ಮಾತಾಡಿದ್ದರೆ ಅಳು ಬರುತ್ತಿತ್ತು.

"ನಂಗೆ ನೀವು ಬೇಕು," ಎಂದ ಅವನು.

"ಏನು ಅಂತ ಇದೆ. ಯಾಕೆ ಅಂತ ಇಲ್ಲ."

"ಯಾಕೆ ಅಂದ್ರೆ..." ಅವನು ಈ ಸಲ ಕಣ್ಣು ಮುಚ್ಚಲಿಲ್ಲ. ಅವಳನ್ನೇ ನೋಡಿದ. "ಎಲ್ಲರೂ ಕನ್ನಡ ತಪ್ಪಾದ್ರೆ ನಗ್ತಾರೆ, ಆಮೇಲೆ ಹಿಂದಿ ಮಾತಾಡ್ತಾರೆ. ನೀವು ಬೈತೀರಿ. ಆದ್ರೆ ಕನ್ನಡದಲ್ಲೇ ಬೈತೀರಿ. ನನ್ನ ಬಿಟ್ಟು ಬೇರೆ ಭಾಷೆಗೆ ಹೋಗಲ್ಲ."

ಅಮೂಲ್ಯಾ ಸೀರೆಯೊಂದನ್ನು ಎಳೆದು ಕಣ್ಣೊರೆಸಿಕೊಂಡಳು. ಅಮ್ಮನ ರೇಷ್ಮೆ ಸೀರೆ. ಇರಲಿ.

"ವಡೋದರಾದ ಆ ಕುರ್ಚಿ ಇನ್ನೂ ಖಾಲಿ ಇದ್ಯಾ?"

"ಇದೆ. ನನ್ನ ಪಕ್ಕ."

"ಹಾಗಾದ್ರೆ ಚಿತ್ರದುರ್ಗಕ್ಕೆ ಅಪ್ಪ ಅಮ್ಮ ಇಬ್ರೇ ಹೋಗ್ತಾರೆ." ಅವಳು ಮೂಗೇರಿಸಿ, ದೂರದೇಶದ ಆ ಉಸ್ತುವಾರಿಯ ಗತ್ತಿನಲ್ಲೇ ಹೇಳಿದಳು, "ಸ್ವ... ಸ್ವೀಕರಿಸಿದೆ. ಧನ್ಯವಾದ."

ಗತ್ತು ಅರ್ಧಕ್ಕೇ ಕುಸಿಯಿತು. ಇಬ್ಬರೂ ನಕ್ಕರು.

ಒಳಗಿನಿಂದ ರಮಾಮಣಿಯ ಕೂಗು ಬಂತು. "ಕರ್ನಲ್ ಅವರೇ, ಇನ್ನೊಂದು ಒಬ್ಬಟ್ಟು ಬೇಕಾ, ಸಾಕಾ?"

ಭುವನ್ ಗಾಬರಿಯಿಂದ ಅವಳತ್ತ ನೋಡಿದ. ಈ ಎರಡು ಶಬ್ದಗಳನ್ನು ಇನ್ನು ಜನ್ಮದಲ್ಲಿ ಅವನು ಸಲೀಸಾಗಿ ಆಡಲಾರ!

"ಏನು ಹೇಳ್ಲಿ, ಅಮೂಲ್ಯಾಬೆ..."

ಅವಳ ಹುಬ್ಬು ಮೇಲೇರಿತು. "ಏನಂದ್ರಿ? ಏನಂದ್ರಿ ಈಗ?!"

ಅವನು ನಾಲಿಗೆ ಕಚ್ಚಿಕೊಂಡ. ಮರುಕ್ಷಣ ಆ ಒಳ್ಳೆಯ ಕಣ್ಣುಗಳಲ್ಲಿ ಮೊದಲ ಸಲ ಒಂದು ತುಂಟತನ ಮಿಂಚಿತು.

"ಅಮೂಲ್ಯಾ ಬೇ...ಕು ಅಂದೆ."